ಮಣೆಯ ಮೇಲಿನ ಪೊಳ್ಳು ಕಾಡತೂಸುಗಳು

ನಮ್ಮವರ ಹೆಸರು ಮಲಕಾಜಪ್ಪ. ಅವರು ಇರುವಾಗ ಈ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದವಳಲ್ಲ. ಬರೆಯುವಾಗ ಒಮ್ಮೆಯಾದರೂ ಬರೆಯಬೇಕಾಗುತ್ತದೆ, ಇಲ್ಲವಾದರೆ ಯಾರ ಸಂಗತಿ ಎಂದು ಓದುವವರಿಗೆ ತಿಳಿಯುವುದಿಲ್ಲ. ಇನ್ನು ಮುಂದೆ ನಮ್ಮವರು ಎಂದೇ ಬರೆಯುತ್ತೇನೆ.

ಬನಹಟ್ಟಿಯಲ್ಲಿ ನಮ್ಮದು ನೇಕಾರರ ಓಣಿ. ನಮ್ಮವರು ಮೊದಲು ಕೈಮಗ್ಗ ನೇಯ್ದರು, ಆಮೇಲೆ ಪಾವರ್‌ಲೂಮು ಹಾಕಿದರು. ಮಗ್ಗದ ಉದ್ದ ನೂಲಿನ ಹಾಸಿನಲ್ಲಿ ಒಂದು ಎಳೆ ಹರಿದರೂ ಬೆನ್ನು ತಿರುಗಿಸಿ ಕುಳಿತಲ್ಲೇ ಅವರಿಗೆ ಸಪ್ಪಳದಿಂದ ಗೊತ್ತಾಗುತ್ತಿತ್ತು. ಬರಬರುತ್ತ ಅದೇ ಸಪ್ಪಳಕ್ಕೆ ಒಂದು ಕಿವಿ ಮಂದವಾಯಿತು. ನೂಲಿನ ಧೂಳಿಗೆ ಕೆಮ್ಮು ಹತ್ತಿತು. ಮಗ್ಗದ ಮನೆ ಬಿಡದಿದ್ದರೆ ಎದೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದರು.

ಆ ಹೊತ್ತಿಗೆ ತೇರದಾಳದ ಒಂದು ಸಹಕಾರಿ ಸಂಘದ ಬಾಗಿಲು ಕಾಯುತ್ತಿದ್ದ ಲಗಮಪ್ಪನವರು ವಯಸ್ಸಾಗಿ ಕೆಲಸ ಬಿಡುವವರಿದ್ದರು. ಸ್ವಂತ ಬಂದೂಕು, ಅದರ ಲೈಸೆನ್ಸು ಎರಡೂ ಇದ್ದವರನ್ನು ಮಾತ್ರ ಅಲ್ಲಿ ತೆಗೆದುಕೊಳ್ಳುತ್ತಿದ್ದರು. ನಮ್ಮವರು ಕಚೇರಿಗೆ ಅಲೆದು ಲೈಸೆನ್ಸು ಮಾಡಿಸಿ, ಮಗ್ಗ ಮಾರಿ, ಲಗಮಪ್ಪನವರ ಬಂದೂಕನ್ನೇ ಕೊಂಡರು. ಮಗ್ಗವನ್ನು ಟೆಂಪೋಗೆ ಏರಿಸಿದ ದಿನವೇ ಬಂದೂಕು ಮನೆಗೆ ಬಂತು. ನಮ್ಮವರ ಅಕ್ಕ ಯಂಕವ್ವ ಅದನ್ನು ನೋಡಿ, ಕಳ್ಳ ಬಂದರೆ ನಮ್ಮ ಮಲಕಾಜಿ ಅವನಿಗೆ ಒಂದು ಧೋತರ ನೇಯ್ದು ಕೊಟ್ಟು ಕಳಿಸುತ್ತಾನೆ ಎಂದಳು. ಓಣಿಯೆಲ್ಲ ನಕ್ಕಿತು. ನಮ್ಮವರೂ ನಕ್ಕರು.

ಅದು ಜೋಡುನಳಿಗೆಯ ಬಂದೂಕು. ಮೇಲಿನ ಕೀಲು ಸರಿಸಿದರೆ ನಡುವೆ ಮಡಚಿಕೊಂಡು ತೆರೆಯುತ್ತದೆ. ಹಿಂದಿನಿಂದ ಎರಡೂ ನಳಿಗೆಗೆ ಒಂದೊಂದು ಕಾಡತೂಸು ಹಾಕಿ ಮುಚ್ಚಬೇಕು. ಹಾರಿಸಿದ ಮೇಲೆ ಮತ್ತೆ ತೆರೆದು, ಖಾಲಿಯಾದವನ್ನು ತೆಗೆದು, ಸೊಂಟದ ಪಟ್ಟಿಯಿಂದ ಬೇರೆ ಎರಡು ಕಿತ್ತು ತುಂಬಬೇಕು. ಕೆಲಸವೆಂದರೆ ಇಷ್ಟೇ. ಆದರೆ ಇದನ್ನು ಕಣ್ಣು ಕೆಳಗೆ ಮಾಡದೆ ಮಾಡಬೇಕು. ಲಗಮಪ್ಪನವರು ಬಂದೂಕು ಒಪ್ಪಿಸುವಾಗ ನಮ್ಮ ಪಡಸಾಲೆಯಲ್ಲಿ ಕುಳಿತು ಹೇಳಿದ ಮಾತು ನನಗೆ ನೆನಪಿದೆ.

"ಹಾರಸೂದು ಯಾರರ ಕಲೀತಾರಪಾ. ಎರಡನೇ ಸಲ ತುಂಬೂದು ಕಲೀಬೇಕು. ಕಣ್ಣ ಬಾಗಲದ ಮ್ಯಾಲಿರಬೇಕು, ಕೈ ತನ್ನಷ್ಟಕ್ಕ ತಾ ನಡೀಬೇಕು. ಆದರ ಖರೇ ಕಾಡತೂಸ ಹಿಡಕೊಂಡ ಮನ್ಯಾಗ ಕಲ್ಯಾಕ ಹೋಗಬ್ಯಾಡ."

ಅವರ ಜೊತೆಯ ಒಬ್ಬ ಕಾವಲುಗಾರ ಹಾಗೆ ಮನೆಯಲ್ಲಿ ತುಂಬಿ ತೆಗೆಯುವಾಗಲೇ ತನ್ನ ಪಾದಕ್ಕೆ ಹಾರಿಸಿಕೊಂಡಿದ್ದನಂತೆ. ಅದನ್ನು ಕೇಳಿ ನಮ್ಮವರು ಮದ್ದಿಲ್ಲದ ಪೊಳ್ಳು ಕಾಡತೂಸು ಮಾಡಲು ಕುಳಿತರು.

ಹಾರಿಸಿ ಬಿಟ್ಟ ಖಾಲಿ ಕಾಡತೂಸು ನಾಲ್ಕು ಲಗಮಪ್ಪನವರ ಬಳಿಯೇ ಸಿಕ್ಕವು. ಹಿತ್ತಾಳೆಯ ಬುಡದ ನಡುವೆ ಸುಟ್ಟ ಕೇಪು ಇರುತ್ತದೆ. ಕಿಡಿ ಹುಟ್ಟಲೆಂದು ಬಂದೂಕಿನ ಮೊಳೆ ಬಡಿಯುವುದು ಅದಕ್ಕೇ. ಅದನ್ನು ಒಳಗಿನಿಂದ ಬೇರೊಂದು ಮೊಳೆ ಇಟ್ಟು ತಟ್ಟಿ ತೆಗೆದರು. ಆ ಜಾಗಕ್ಕೆ ಹಳೆಯ ಹವಾಯಿ ಚಪ್ಪಲಿಯ ರಬ್ಬರು ಗುಂಡಗೆ ಕತ್ತರಿಸಿ ಕೂರಿಸಿದರು. ಬಂದೂಕಿನ ಮೊಳೆ ಬಡಿದರೆ ಮೆತ್ತಗೆ ಬಡಿಯಲಿ, ಮುರಿಯದಿರಲಿ ಎಂದು. ಅವುಗಳ ಹೊಟ್ಟೆಗೆ ಮೊದಲು ಜೋಳ ತುಂಬಿದರು. ಮಳೆಗಾಲ ಕಳೆಯುವುದರೊಳಗೆ ನುಸಿ ತಿಂದು ಹಗುರಾದವು. ಹಗುರಾದ ಪೊಳ್ಳಿನಲ್ಲಿ ಕಲಿತ ಕೈ ಭಾರದ್ದು ಬಂದಾಗ ತಪ್ಪುತ್ತದೆ ಎಂದು ಅವನ್ನು ಬಿಚ್ಚಿ, ಹೊಳೆಯ ಮರಳು ತೊಳೆದು ಒಣಗಿಸಿ ತುಂಬಿದರು. ಮರಳಿನ ಮೇಲೆ ಮೇಣ ಕರಗಿಸಿ ಹೊಯ್ದರು. ಬಾಯಿಗೆ ಒಡೆದ ಲಾಳಿಯ ಕಟ್ಟಿಗೆ ಕೆತ್ತಿ ಬಿರಡೆ ಹಾಕಿದರು. ನೂಲು ತೂಗುವ ನಮ್ಮ ಸಣ್ಣ ತಕ್ಕಡಿಯಲ್ಲಿ ಒಂದು ಕಡೆ ಖರೆಯದು, ಇನ್ನೊಂದು ಕಡೆ ಪೊಳ್ಳು ಇಟ್ಟು ಮುಳ್ಳು ನಡುವೆ ನಿಲ್ಲುವ ತನಕ ಮರಳು ಹಾಕಿದ್ದು, ತೆಗೆದದ್ದು ನಾನೇ.

ಗುರುತಿಗೆಂದು ಮೊದಲು ಕೆಂಪು ನೂಲು ಸುತ್ತಿ ಅಂಟಿಸಿದ್ದರು. ನೂಲಿನ ದಪ್ಪಕ್ಕೆ ಅವು ನಳಿಗೆಯಲ್ಲಿ ಸಿಕ್ಕಿಕೊಂಡವು. ಅದನ್ನು ಬಿಚ್ಚಿ, ಕಾಯಿಸಿದ ದಬ್ಬಣದಿಂದ ಮೇಣ ಇರುವ ಕಡೆ ಆಚೆಯಿಂದ ಈಚೆಗೆ ಒಂದು ತೂತು ಕೊರೆದರು. ತೂತು ಇದ್ದದ್ದು ಪೊಳ್ಳು, ಇಲ್ಲದ್ದು ಖರೆಯದು. ಪ್ರತಿ ಸಲ ಕೈಗೆ ತೆಗೆದುಕೊಳ್ಳುವಾಗ ಅರಿವೆಯಿಂದ ಒರೆಸಿ, ಬೆಳಕಿಗೆ ಹಿಡಿದು, ತೂತಿನಲ್ಲಿ ಬೆಳಕು ಕಂಡ ಮೇಲೆಯೇ ಪಟ್ಟಿಗೆ ಸಿಕ್ಕಿಸುತ್ತಿದ್ದರು. ನಾಲ್ಕನ್ನೂ ತಾವೇ ಮಾಡಿದ್ದರೂ ಒಂದು ದಿನ ಇದನ್ನು ಬಿಟ್ಟವರಲ್ಲ.

ಮುಂಜಾನೆ ಚಹಾ ಕುಡಿದು, ತೇರದಾಳದ ಬಸ್ಸಿಗೆ ಹೊರಡುವ ಮೊದಲು ಅವರ ಅಭ್ಯಾಸ ನಡೆಯುತ್ತಿತ್ತು. ಹಿಂದಿನ ಕೋಣೆಯ ಕೊನೆಗೆ ಪಕ್ಕದ ಮನೆಯ ಬಾಳೇಶ ಇಟ್ಟಿದ್ದ ಹರಿದ ನೂಲಿನ ಮೂಟೆಗಳು ಒಂದರ ಮೇಲೊಂದು ಇದ್ದವು. ಬಂದೂಕಿನ ಬಾಯಿ ಯಾವಾಗಲೂ ಅದರ ಕಡೆಗೇ. ಎರಡು ಪೊಳ್ಳನ್ನು ಬೆರಳ ಸಂದಿಯಲ್ಲಿ ಒಟ್ಟಿಗೆ ಹಿಡಿದು, ಎರಡೂ ನಳಿಗೆಗೆ ಒಂದೇ ಸಲ ಇಳಿಸುತ್ತಿದ್ದರು. ನೂಲು ಸುತ್ತುವ ಕಂಡಿಕೆ ಎರಡೆರಡು ಒಟ್ಟಿಗೆ ಹಿಡಿದು ರೂಢಿಯಾದ ಬೆರಳುಗಳು ಅವು. ಇಷ್ಟೆಲ್ಲ ಮಾಡಿದ ಮನುಷ್ಯ ಸಂಘದ ಬಾಗಿಲಲ್ಲಿ ನಿಂತ ವರ್ಷಗಳಲ್ಲಿ ಒಮ್ಮೆಯೂ ಬಂದೂಕು ಹಾರಿಸಲಿಲ್ಲ. ಹಾರಿಸುವ ಪ್ರಸಂಗ ಬರಲಿಲ್ಲ. ಬರದಿದ್ದುದೇ ಅವರಿಗೆ ಸಮಾಧಾನವಾಗಿತ್ತು.

ನಮಗೆ ಒಬ್ಬಳೇ ಮಗಳು, ಕಾಂಚನಾ. ಇಚಲಕರಂಜಿಗೆ ಕೊಟ್ಟಿದ್ದೆವು. ಅಲ್ಲಿ ಅವಳ ಸಂಸಾರ ನೆಟ್ಟಗಾಗಲಿಲ್ಲ, ತಿರುಗಿ ಬಂದಳು. ಬಾಳೇಶನ ಮಗ್ಗದ ಮನೆಗೆ ಕಂಡಿಕೆ ಸುತ್ತಲು ಹೋಗುತ್ತಿದ್ದಳು. ಅವಳಿಗೂ ಅಪ್ಪನದೇ ಕೆಮ್ಮು ಶುರುವಾಯಿತು. ನಮ್ಮವರು ಒಂದು ಸಂಜೆ ಅವಳ ಕೆಮ್ಮು ಕೇಳುತ್ತ ಕುಳಿತವರು, ಮರುದಿನ ಸಂಘದ ಅಧ್ಯಕ್ಷರನ್ನು ಕೇಳಿಕೊಂಡು ಬಂದರು. ನೀನು ಬಿಡುವುದರೊಳಗೆ ಅವಳ ಹೆಸರಿಗೆ ಲೈಸೆನ್ಸು ಬಂದರೆ ನಿನ್ನ ಜಾಗಕ್ಕೆ ಅವಳನ್ನೇ ತೆಗೆದುಕೊಳ್ಳುತ್ತೇವೆ, ಹೆಣ್ಣುಮಗಳು ಬಾಗಿಲಲ್ಲಿದ್ದರೆ ಬರುವ ಹೆಂಗಸರಿಗೂ ಅನುಕೂಲ ಎಂದು ಅವರು ಮಾತು ಕೊಟ್ಟರು. ಬಾಗಲಕೋಟೆಯ ಕಚೇರಿಗೆ ಕಾಂಚನಾಳ ಅರ್ಜಿ ಹೋಯಿತು. ಅವಳು ನೂಲಿನ ಧೂಳಿನಿಂದ ಹೊರಗೆ ಬರುವುದಕ್ಕೆ ನಮಗೆ ಬೇರೆ ದಾರಿ ಕಾಣುತ್ತಿರಲಿಲ್ಲ.

ಲೈಸೆನ್ಸು ಇಲ್ಲದವರ ಕೈಗೆ ಬಂದೂಕು ಕೊಡಬಾರದು ಎಂಬುದು ನಮ್ಮವರಿಗೆ ಗೊತ್ತಿತ್ತು. ಆದರೂ ಅವಳ ಕೈ ಮೊದಲೇ ತಯಾರಿರಲಿ ಎಂಬ ಆಸೆ. ಅದಕ್ಕೆ ಒಂದು ಗೆರೆ ಹಾಕಿಕೊಂಡರು. ತೆರೆದ ಬಂದೂಕನ್ನು ತಾವೇ ತೊಡೆಯ ಮೇಲೆ ಹಿಡಿಯುವುದು, ಅವಳು ಪೊಳ್ಳು ಹಾಕಿ ತೆಗೆಯುವುದು. ಮುಚ್ಚುವುದೂ ಇಲ್ಲ, ಬೆರಳಿನಿಂದ ಕುದುರೆ ಒತ್ತುವುದೂ ಇಲ್ಲ. ಕಾಂಚನಾ ಚುರುಕು. ಮಾತಾಡುತ್ತ ತುಂಬುತ್ತಿದ್ದಳು. ಬಾಯಿ ನಡೀತಂದ್ರ ಕಣ್ಣ ಕೈ ಕಡೆ ಹೋಗೂದಿಲ್ಲ ಅಂತ ತಿಳೀತು, ಛಲೋ ಆತು ಎಂದು ಅಪ್ಪ ಮೆಚ್ಚುತ್ತಿದ್ದರು.

ಕೊರೊನಾ ಕಳೆದ ಮರುವರ್ಷದ ದಸರೆ. ಖಂಡೆ ಪೂಜೆಯ ದಿನ ನಮ್ಮೂರಿನಲ್ಲಿ ಒಂದು ಮಗ್ಗವೂ ನಡೆಯುವುದಿಲ್ಲ. ವರ್ಷವೆಲ್ಲ ಖಟಖಟ ಕೇಳಿದ ಓಣಿ ಎರಡು ದಿನ ಸುಮ್ಮನಿರುತ್ತದೆ. ಮಗ್ಗವಿದ್ದವರು ಮಗ್ಗಕ್ಕೆ, ಇಲ್ಲದವರು ಕೈಗೆ ಬರುವ ಸಾಮಾನಿಗೆ ಪೂಜೆ ಮಾಡುತ್ತಾರೆ. ಪೂಜೆಗೆ ಇಟ್ಟದ್ದನ್ನು ಮರುದಿನ ಸಂಜೆ ಬನ್ನಿ ಕೊಟ್ಟು ತೆಗೆದುಕೊಳ್ಳುವ ತನಕ ಒರೆಸಬಾರದು. ಆದರೆ ಹೊಸದಾಗಿ ಕಲಿಯುವವರಿದ್ದರೆ ಅವರ ಕೈಗೆ ಮೊದಲ ಲಾಳಿ ಕೊಡುವುದು ಆ ಮರುದಿನದ ಮುಂಜಾನೆಯೇ, ಹಚ್ಚಿದ ವಿಭೂತಿ, ಕುಂಕುಮ ಇದ್ದ ಹಾಗೆಯೇ. ನಮ್ಮವರಿಗೆ ಅವರ ಅಪ್ಪ ಹಾಗೆಯೇ ಕೊಟ್ಟಿದ್ದರು.

ಬನಶಂಕರಿಯ ಫೋಟೋದ ಮುಂದೆ ಮಣೆ ಹಾಕಿ, ಅದರ ಮೇಲೆ ತೆರೆದ ಖಾಲಿ ಬಂದೂಕು, ಮಗ್ಗದ ಹಳೆಯ ಹಣಿಗೆ, ಲಾಳಿ, ಕತ್ತರಿ, ನನ್ನ ತಕ್ಕಡಿ ಎಲ್ಲ ಇಟ್ಟರು. ಕೆಲಸಕ್ಕೆ ಬರುವ ಯಾವುದನ್ನೂ ಬಿಡಬಾರದು ಎಂಬುದು ನೇಕಾರರ ಮನೆಯ ರೂಢಿ. ಹಾಗಾಗಿ ಖರೆಯ ಕಾಡತೂಸುಗಳನ್ನೂ ಇಟ್ಟರು, ಪೊಳ್ಳುಗಳನ್ನೂ ಇಟ್ಟರು. ನೆಲದ ಮೇಲಿನ ದೀಪದ ಕಡೆ ಪೊಳ್ಳು, ಗೋಡೆಯ ಕಡೆ ಖರೆಯವು ಎಂದು ನನಗೂ ಹೇಳಿದರು.

ಆರತಿ ತಟ್ಟೆ ಹಿಡಿದು ಬಂದ ಯಂಕವ್ವ ನಿಂತಲ್ಲೇ ನಿಂತಳು. "ಮಲಕಾಜಿ, ತಾಯಿ ಮುಖಕ್ಕ ನಳಿಗಿ ತೋರಸ್ತಿ ಏನು? ತಿರಗಸು."

ಅವಳ ಮಾತು ಸರಿ ಎಂದು ನಮ್ಮವರಿಗೆ ಅನ್ನಿಸಿತು. ಮೇಲಿನದು ಯಾವುದೂ ಜರುಗಬಾರದೆಂದು ಮಣೆಯ ಎರಡೂ ತುದಿ ಹಿಡಿದು ಮಣೆಯನ್ನೇ ಮೆಲ್ಲಗೆ ತಿರುಗಿಸಿದರು. ಯಂಕವ್ವ ಎಲ್ಲಕ್ಕೂ ವಿಭೂತಿ ಕಲಸಿ ಬಳಿದಳು. ಕಾಡತೂಸುಗಳ ಮೈಗೂ ಬಾಯಿಗೂ ಬಳಿದು, ಬುಡದ ಹಿತ್ತಾಳೆಯ ನಡುವೆ, ಕೇಪು ಇರುವ ಜಾಗದ ಮೇಲೆಯೇ ದುಂಡಗೆ ಕುಂಕುಮ ಇಟ್ಟಳು. ಹಣೆಗೆ ಇಟ್ಟ ಹಾಗೆ ಚಂದ ಕಂಡವು. ಮಣೆ ತಿರುಗಿದಾಗ ದೀಪದ ಕಡೆ ಇದ್ದವು ಗೋಡೆಯ ಕಡೆ ಹೋದವು ಎಂಬುದು ಯಾರ ತಲೆಗೂ ಬರಲಿಲ್ಲ.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ ನಮ್ಮವರು ಕಾಂಚನಾಳನ್ನು ಕರೆದರು. ಕೈಮುಗಿದು ಬಂದೂಕು ಎತ್ತಿಕೊಂಡರು. ದೀಪದ ಕಡೆಯಿಂದ ಎರಡು ಕಾಡತೂಸು ತೆಗೆದುಕೊಂಡರು. ಒರೆಸಲಿಲ್ಲ, ಒರೆಸುವ ದಿನ ಅದಲ್ಲ. ಬೆಳಕಿಗೆ ಹಿಡಿದರೂ ತೂತಿಗೆ ವಿಭೂತಿ ಮೆತ್ತಿರುತ್ತದೆ ಎಂದು ಹಿಡಿಯಲಿಲ್ಲ. ಕೈಯ ಭಾರದಲ್ಲಿ ವ್ಯತ್ಯಾಸ ತಿಳಿಯುವ ಹಾಗೂ ಇರಲಿಲ್ಲ. ತಕ್ಕಡಿಯ ಮುಳ್ಳು ನಡುವೆ ನಿಲ್ಲಿಸಿ ನಾವೇ ಸರಿಮಾಡಿದ್ದೆವಲ್ಲ.

ನಾನು ಒಲೆಯ ಮುಂದೆ ಇದ್ದೆ. ಹಿಂದಿನ ಕೋಣೆಯ ಬಾಗಿಲು ತೆರೆದೇ ಇತ್ತು. ನಮ್ಮವರು ಮಗಳ ಹಿಂದೆ ನಿಂತು ಬಂದೂಕಿನ ಬಾಯಿ ಮೂಟೆಯ ಕಡೆಗೆ ಇದೆಯೋ ಇಲ್ಲವೋ ನೋಡಿದರು. ಇವತ್ತಿನ ದಿನ ಒಳ್ಳೆಯದು, ಇವತ್ತು ಮುಚ್ಚಿ ಒಮ್ಮೆ ಒತ್ತು, ಆಮೇಲೆ ಲೈಸೆನ್ಸು ಬರುವ ತನಕ ಬೇಡ ಎಂದರು. ಕಾಂಚನಾ ಎರಡನ್ನೂ ಒಟ್ಟಿಗೆ ಇಳಿಸಿ ಮುಚ್ಚಿದಳು. ಒತ್ತಿದಳು.

ಆ ಸಪ್ಪಳವನ್ನು ಹೇಗೆ ಬರೆಯಬೇಕೋ ತಿಳಿಯದು. ಒಲೆಯ ಮೇಲಿನ ಪಾತ್ರೆ ನಡುಗಿತು. ನಾನು ಹೋಗುವುದರೊಳಗೆ ಕೋಣೆಯ ತುಂಬ ಹೊಗೆ, ಹೊಗೆಯಲ್ಲಿ ತೇಲುವ ನೂಲಿನ ಚೂರು. ಕಾಂಚನಾ ಗೋಡೆಗೆ ಒರಗಿ ಕುಳಿತಿದ್ದಳು. ಬಂದೂಕಿನ ಹಿಂಬದಿ ಬಡಿದು ಗಲ್ಲ ಕೆಂಪಗೆ ಬಾತಿತ್ತು. ಬಂದೂಕು ಆಗಲೇ ನಮ್ಮವರ ಕೈಯಲ್ಲಿತ್ತು. ಎರಡನೆಯ ನಳಿಗೆಯಲ್ಲಿ ಇನ್ನೊಂದು ಹಾಗೆಯೇ ಇದೆಯೆಂದು ತಿಳಿದು, ಬಾಯಿ ಮೂಟೆಯ ಕಡೆಯಿಂದ ಸರಿಸದೆ, ತೆರೆದು ಅದನ್ನು ಹೊರಗೆ ತೆಗೆದರು. ಆಮೇಲೆ ಒರೆಸಿದರು. ತೂತು ಇರಲಿಲ್ಲ.

ಮೂಟೆ ಬಿರಿದು ನೂಲು ಹೊರಗೆ ಬಿದ್ದಿತ್ತು. ಕೆಲವು ಚರೆಗಳು ಮೂಟೆ ದಾಟಿ ಗೋಡೆಯ ಮಣ್ಣಿಗೆ ನಟ್ಟಿದ್ದವು. ನಮ್ಮವರು ಆ ಗೋಡೆಯ ಮೇಲೆ ಅಂಗೈ ಆಡಿಸಿ ಅವನ್ನು ತಡವಿದರು. ಗೋಡೆಯ ಆ ಬದಿಗೆ ಬಾಳೇಶನ ಮಗ್ಗದ ಮನೆ. ದಿನಾಲು ಅದೇ ಗೋಡೆಗೆ ಬೆನ್ನು ಕೊಟ್ಟು ಅವನ ಹೆಂಡತಿ ಹೊಳೆವ್ವ ಕಂಡಿಕೆ ಸುತ್ತುತ್ತಾಳೆ. ಅವಳ ಪಕ್ಕಕ್ಕೆ ನಮ್ಮ ಕಾಂಚನಾ ಕೂರುತ್ತಿದ್ದಳು.

ಬೇರೆ ದಿನವಾಗಿದ್ದರೆ ಮಗ್ಗಗಳ ಸಪ್ಪಳದಲ್ಲಿ ಅದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಂದು ಓಣಿಯ ಕೊನೆಯ ಮನೆಗೂ ಕೇಳಿತು. ಮಂದಿ ಬಾಗಿಲಿಗೆ ಬಂದರು. ಯಂಕವ್ವ ಹೊಸ್ತಿಲಿಗೆ ಅಡ್ಡ ನಿಂತು, ಹಬ್ಬದ ಪಟಾಕಿ ಎಂದಳು. ಬಾಳೇಶ ಒಳಗೆ ಇಣುಕಿದ. ಹೊಗೆ ನೋಡಿದ, ಕಾಂಚನಾಳ ಗಲ್ಲ ನೋಡಿದ. ಅವಳ ಅರ್ಜಿ ಕಚೇರಿಯಲ್ಲಿದೆ ಎಂಬುದು ಓಣಿಗೆಲ್ಲ ಗೊತ್ತು. ಅವನು ಹೊರಗಿನವರಿಗೆ ಕೇಳುವ ಹಾಗೆ ಹೇಳಿದ.

"ಪಟಾಕಿನ ಹೌದಲ್ಲ ಕಾಕಾ? ಹೂಂ ಅನ್ರಿ, ಮುಗೀತು."

ನಮ್ಮವರು ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತರು. ಕೆಮ್ಮು ಬಂತು, ಅದು ನಿಲ್ಲುವ ತನಕ ಎಲ್ಲರೂ ಕಾದರು.

"ಬಾಳೇಶ, ಆ ಗ್ವಾಡಿಗೆ ಬೆನ್ನ ಹಚ್ಚಿ ನಿನ್ನ ಹೆಂಡತಿ ಕುಂದರತಾಳ. ಇವತ್ತ ಹಬ್ಬದ ಸೂಟಿ ಅಂತ ಕುಂತಿಲ್ಲ. ಅದನ್ನ ನಾ ಪಟಾಕಿ ಅಂತ ಹೆಂಗ ಅನ್ನಲಿ?"

ಮಂದಿ ಹೋದ ಮೇಲೆ ಯಂಕವ್ವ ಅವರನ್ನು ಬೈದಳು, ಅತ್ತಳು. ಠಾಣೆಗೆ ಹೋದರೆ ನಿನ್ನ ಬಂದೂಕೂ ಹೋಗುತ್ತದೆ, ಹುಡುಗಿಯ ಕಾಗದವೂ ಹೋಗುತ್ತದೆ, ಮತ್ತೆ ಅದೇ ಧೂಳಿನಲ್ಲಿ ಕೂರಿಸುತ್ತೀಯಾ ಎಂದು ಕೇಳಿದಳು. ಅವಳ ಲೈಸೆನ್ಸು ಒಂದು ಬರಲಿ, ಆಮೇಲೆ ಹೇಳಿದರಾಯಿತು ಎಂದು ನಾನೂ ಅಂದೆ. ನಮ್ಮವರು ಹಾರದೆ ಉಳಿದ ಕಾಡತೂಸನ್ನು ಅರಿವೆಯಲ್ಲಿ ಕಟ್ಟಿದರು. ಬಂದೂಕನ್ನು ಚೀಲಕ್ಕೆ ಹಾಕಿದರು. ಕಾಂಚನಾ ಎದ್ದು ಚಪ್ಪಲಿ ಮೆಟ್ಟಿದಳು. ಬರಬೇಡ ಎಂದರೂ ಕೇಳಲಿಲ್ಲ. ನಾನೂ ಹಿಂದೆ ಹೋದೆ.

ಠಾಣೆಯಲ್ಲೂ ಹಿಂದಿನ ದಿನ ಪೂಜೆ ಆಗಿತ್ತು. ಬಾಗಿಲಿಗೆ ಕಟ್ಟಿದ ಕಬ್ಬು ಇನ್ನೂ ಇತ್ತು. ಫೌಜದಾರರು ಎಲ್ಲವನ್ನೂ ಕೇಳಿಸಿಕೊಂಡು, ಒತ್ತುವಾಗ ಬಂದೂಕು ಯಾರ ಕೈಯಲ್ಲಿತ್ತು ಎಂದು ಕೇಳಿದರು.

"ನನ್ನ ಕೈಯಾಗ ಇತ್ತರಿ. ನಾನ ಒತ್ತೀನಿ," ಎಂದರು ನಮ್ಮವರು.

ಕಾಂಚನಾ ಮುಖಕ್ಕೆ ಹೊದ್ದುಕೊಂಡಿದ್ದ ಸೆರಗು ತೆಗೆದಳು. "ಅಪ್ಪಾ, ಸುಮ್ಮಿರು. ಸಾಹೇಬ್ರ, ನಾ ಒತ್ತೀನ್ರಿ. ನನ್ನ ಗಲ್ಲ ನೋಡ್ರಿ."

ಫೌಜದಾರರು ಇಬ್ಬರ ಮುಖವನ್ನೂ ನೋಡಿದರು. ಯಾರೂ ಫಿರ್ಯಾದು ಕೊಟ್ಟಿಲ್ಲ, ಆದರೂ ನೀವಾಗಿಯೇ ಬಂದಿದ್ದೀರಿ, ಬರೆದುಕೊಳ್ಳದೆ ನನಗೆ ದಾರಿಯಿಲ್ಲ ಎಂದು ಹೇಳಿ ಬರೆಸಿಕೊಂಡರು. ಬಂದೂಕು ಅಲ್ಲಿಯೇ ಉಳಿಯಿತು.

ಬರುವಾಗ ನಾನು ಹಿಂದೆ, ಅಪ್ಪ ಮಗಳು ಮುಂದೆ. ನಾ ಹೇಳಿದ್ದು ನಡೆಯುತ್ತಿತ್ತು, ನಿನ್ನ ಅರ್ಜಿ ಉಳಿಯುತ್ತಿತ್ತು ಎಂದು ಅವರು ಮೆಲ್ಲಗೆ ಅಂದರು. ಅವಳು ನಿಲ್ಲದೆ ನಡೆಯುತ್ತಲೇ ಹೇಳಿದಳು.

"ಬಾಳೇಶ ಅಣ್ಣಗ ಹೂಂ ಅನ್ನಾಕ ನಿನಗ ಆಗಲಿಲ್ಲ. ನನ್ನ ಸಲುವಾಗಿ ಯಾಕ ಅಂತಿ?"

ಸಂಜೆ ಬಾಳೇಶನೇ ಮೊದಲು ಬನ್ನಿ ಹಿಡಿದುಕೊಂಡು ಬಂದ. ಬನ್ನಿ ತಗೊಂಡು ಬಂಗಾರದಂಗ ಇರೂಣ ಕಾಕಾ ಎಂದು ಕಾಲು ಮುಟ್ಟಿದ. ನಮ್ಮವರು ಅವನ ಕೈ ಹಿಡಿದು ಬಿಡಲೇ ಇಲ್ಲ.

ಲೈಸೆನ್ಸು ಅಮಾನತಾಯಿತು. ಬಂದೂಕಿಲ್ಲದ ಕಾವಲುಗಾರನನ್ನು ಸಂಘದವರು ಇಟ್ಟುಕೊಳ್ಳಲಿಲ್ಲ, ಅವರನ್ನು ತಪ್ಪೆನ್ನಲಾಗದು. ಕಾಂಚನಾಳ ಅರ್ಜಿ ಹಿಂದಕ್ಕೆ ಬಂತು. ಅವಳು ಮತ್ತೆ ಆ ಗೋಡೆಗೆ ಬೆನ್ನು ಕೊಟ್ಟು ಕಂಡಿಕೆ ಸುತ್ತಲು ಕುಳಿತಳು. ಹೊಳೆವ್ವ ತನ್ನ ಜಾಗ ಬದಲಿಸಲಿಲ್ಲ.

ಬಂದೂಕು ಹೋದ ಮೇಲೆ ನಮ್ಮವರು ಒಂದು ಕೆಲಸ ಮಾಡಿದರು. ಕೆಂಪು ನೂಲು ಹೊಸೆದು ನಾಲ್ಕು ಪೊಳ್ಳುಗಳ ತೂತಿನಲ್ಲಿ ಪೋಣಿಸಿ ಗಂಟು ಹಾಕಿದರು. ತುಂಬುವಾಗ ಗಂಟು ಬಿಚ್ಚಿ ನೂಲು ಎಳೆಯಬೇಕು, ತೆಗೆದ ಮೇಲೆ ಮತ್ತೆ ಪೋಣಿಸಬೇಕು. ವಿಭೂತಿ ಎಷ್ಟೇ ಬಳಿದರೂ ನೂಲು ಮುಚ್ಚುವುದಿಲ್ಲ. ಇದು ಮೊದಲೇ ಹೊಳೆಯಬೇಕಿತ್ತು ಎಂದು ಒಂದೇ ಸಲ ಅಂದರು. ಆಮೇಲೆ ಮಗ್ಗದ ಹಲಗೆಯೊಂದಕ್ಕೆ ಎರಡು ಪೈಪಿನ ತುಂಡು ಬಿಗಿದು, ತೆರೆದ ನಳಿಗೆಯ ಹಾಗೆ ಮಾಡಿಕೊಂಡರು. ಕಾಂಚನಾ ಕೆಲಸದಿಂದ ಬಂದ ಮೇಲೆ ಅದನ್ನು ತೊಡೆಯ ಮೇಲೆ ಹಿಡಿದು ಕೂರುತ್ತಿದ್ದರು. ನೂಲು ಎಳೆ, ತುಂಬು, ತೆಗೆ, ಪೋಣಿಸು. ಲೈಸೆನ್ಸಿನ ಮಾತು ಇಬ್ಬರೂ ಆಡುತ್ತಿರಲಿಲ್ಲ. ಮರುವರ್ಷದ ಚಳಿಗಾಲದಲ್ಲಿ ಕೆಮ್ಮು ಎದೆಗೆ ಇಳಿಯಿತು. ಅವರು ತೀರಿಕೊಂಡರು. ಹಲಗೆ ಗೋಡೆಗೆ ಒರಗಿಯೇ ಇತ್ತು.

ಅವರು ಹೋದ ಮೇಲೆ ಕಾಂಚನಾ ಮತ್ತೆ ಅರ್ಜಿ ಹಾಕಿದಳು. ವಿಚಾರಣೆಗೆ ಕರೆದಾಗ ನಡೆದುದನ್ನೆಲ್ಲ ಮೊದಲಿನಿಂದ ಹೇಳಿದಳು. ಬಹಳ ತಡವಾಯಿತು, ಎರಡು ಸಲ ಹಿಂದಕ್ಕೆ ಬಂತು. ಕೊನೆಗೆ ಪೊಲೀಸ್ ಮೈದಾನದಲ್ಲಿ ತರಬೇತಿಗೆ ಕರೆದರು. ಅಲ್ಲಿ ಹವಾಲ್ದಾರರು ಅವಳ ಅಂಗೈಗೆ ಎರಡು ಕಾಡತೂಸು ಇಟ್ಟಾಗ ಅವಳು ತುಂಬದೆ ಹೆಬ್ಬೆರಳಿನಿಂದ ಅವುಗಳ ಮೈ ಸವರಿದಳಂತೆ. ಏನು ಹುಡುಕುತ್ತೀಯವ್ವಾ ಎಂದು ಅವರು ಕೇಳಿದರು. ತೂತು ಹುಡುಕುತ್ತೇನೆ ಎಂದಳು. ಯಾಕೆಂದು ಹೇಳುವಾಗ ಅವಳಿಗೆ ಅಳು ಬಂತು. ಅವರು ಸಾಲಿನಲ್ಲಿದ್ದ ಉಳಿದವರನ್ನು ಮುಂದೆ ಬಿಟ್ಟು, ಅವಳು ಸಾವರಿಸಿಕೊಳ್ಳುವ ತನಕ ಕಾದರು. ಆಮೇಲೆ ಅವಳು ತುಂಬಿದಳು, ಕಣ್ಣು ಕೆಳಗೆ ಮಾಡದೆ.

ಹೋದ ವರ್ಷ ಲೈಸೆನ್ಸು ಬಂತು. ಅಪ್ಪನ ಬಂದೂಕು ಅವಳ ಹೆಸರಿಗೆ ಆಗಿ ಮನೆಗೆ ಬಂತು. ಸಂಘದಲ್ಲಿ ಅಪ್ಪನ ಜಾಗಕ್ಕೆ ಬೇರೆಯವರು ಬಂದಿದ್ದಾರೆ. ಅವಳನ್ನು ಜಮಖಂಡಿಯಲ್ಲಿ ಇನ್ನೊಂದು ಸಂಘದವರು ತೆಗೆದುಕೊಂಡಿದ್ದಾರೆ. ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಕೆಮ್ಮು ಪೂರ್ತಿ ಹೋಗಿಲ್ಲ, ಕಡಿಮೆಯಾಗಿದೆ.

ಈ ಸಲದ ಖಂಡೆ ಪೂಜೆಗೆ ಓಣಿ ಸುಮ್ಮನಾದಾಗ ಕಾಂಚನಾ ಮಣೆ ಹಾಕಿದಳು. ಖರೆಯ ಕಾಡತೂಸುಗಳನ್ನು ಒಳಗಿನ ಟ್ರಂಕಿನಲ್ಲಿಟ್ಟು ಕೀಲಿ ಹಾಕಿ, ಟ್ರಂಕಿಗೇ ಹೊರಗಿನಿಂದ ಕುಂಕುಮ ಹಚ್ಚಿದಳು. ಮಣೆಯ ಮೇಲೆ ಬಂದೂಕು, ತಕ್ಕಡಿ, ಪೈಪಿನ ಹಲಗೆ, ಕೆಂಪು ನೂಲಿನಲ್ಲಿ ಪೋಣಿಸಿದ ಪೊಳ್ಳುಗಳು. ನಳಿಗೆಯ ಬಾಯಿ ಮೊದಲೇ ತಾಯಿಯ ಕಡೆ ಇರದ ಹಾಗೆ ಇಟ್ಟಳು. ಯಂಕವ್ವನಿಗೆ ಈಗ ಕಣ್ಣು ಮಂಜು. ಕೈ ಮುಟ್ಟಿಸಿ ತೋರಿಸಿದರೆ ವಿಭೂತಿ ಬಳಿಯುತ್ತಾಳೆ, ಕುಂಕುಮ ಇಡುತ್ತಾಳೆ. ಅಂದೂ ಒಂದೊಂದಕ್ಕೂ ಇಟ್ಟಳು.

ಮರುದಿನ ಬೆಳಿಗ್ಗೆ, ಬನ್ನಿಗೆ ಇನ್ನೂ ಹೊತ್ತಿರುವಾಗಲೇ, ಕಾಂಚನಾ ಮಣೆಯ ಮುಂದೆ ಕುಳಿತು ಕೈಮುಗಿದಳು. ಪೊಳ್ಳುಗಳ ಸರ ಎತ್ತಿಕೊಂಡು ಸುತ್ತ ನೋಡಿದಳು. ಅವಳು ಹುಡುಕಿದ್ದು ಅರಿವೆ ಎಂದು ನನಗೆ ತಿಳಿಯಿತು. ಈ ದಿನ ಒರೆಸಬಾರದು ಎಂದು ಯಂಕವ್ವ ಅನ್ನುತ್ತಾಳೆಂದು ನಾನು ಅಂದುಕೊಂಡೆ. ಸರ ಎತ್ತಿದ ಸಪ್ಪಳ ಕೇಳಿದ ಯಂಕವ್ವ ಬೇಡ ಎನ್ನಲಿಲ್ಲ. ನೆಲ ತಡವಿ ನೀರಿನ ತಂಬಿಗೆ ಹತ್ತಿರ ಎಳೆದುಕೊಂಡು, ತನ್ನ ಸೆರಗಿನ ತುದಿ ಅದರಲ್ಲಿ ಅದ್ದಿ ಹಿಂಡಿ, ಕಾಂಚನಾಳ ಕಡೆ ಚಾಚಿದಳು.

"ಒರಸವಾ," ಎಂದಳು. "ಬೆಳಕಿಗೆ ಹಿಡದ ನೋಡು."